ಪದ್ಯ ಒಂದೇ, ಅರ್ಥ ಬೇರೆ: ಕಾಸರವಳ್ಳಿ ಚಿತ್ರಗಳನ್ನು ಕಥೆಯ ಜೊತೆಗೆ ಓದಿ ನೋಡುವ ಕ್ರಮ

ವೇಷವಿಲ್ಲದೆ, ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ ತಾಳಮದ್ದಳೆ. ಅದನ್ನು ಕೇಳಿ ಬೆಳೆದವರಿಗೆ ಒಂದು ಸಂಗತಿ ಹೇಳಿಕೊಡಬೇಕಾಗಿಲ್ಲ. ಪ್ರಸಂಗದ ಪದ್ಯ ಅದೇ ಇರುತ್ತದೆ. ಪದ್ಯಕ್ಕೆ ಮಾತಿನಲ್ಲಿ ಅರ್ಥ ಹೇಳುವ ಅರ್ಥಧಾರಿ ಬದಲಾದರೆ ವಾಲಿಯೂ ಬದಲಾಗುತ್ತಾನೆ. ಕುಂಬಳೆಯ ಪಾರ್ತಿಸುಬ್ಬನ ಪದ್ಯಕ್ಕೆ ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರು ಹೇಳಿದ ಅರ್ಥ ಪುಸ್ತಕದಲ್ಲಿದ್ದ ಹಾಗೇ ಇತ್ತೇ ಎಂದು ಯಾರೂ ಅಳೆಯಲಿಲ್ಲ. ಯಾವ ಮಾತನ್ನು ಹಿಡಿದರು, ಯಾವುದನ್ನು ಬಿಟ್ಟರು, ಹಿಡಿದದ್ದನ್ನು ಎಲ್ಲಿಯವರೆಗೆ ಎಳೆದರು ಎಂಬುದಷ್ಟೇ ಮರುದಿನದ ಚರ್ಚೆ. ಅದೇ ಜನ ಕಾದಂಬರಿಯಿಂದ ಮಾಡಿದ ಸಿನಿಮಾ ನೋಡಿ ಎದ್ದಾಗ ಮಾತ್ರ "ಪುಸ್ತಕದಷ್ಟು ಆಗಲಿಲ್ಲ" ಎಂದು ಚಪ್ಪಲಿ ಹುಡುಕಲು ಹೋಗುತ್ತಾರೆ.

ಈ ಬರಹ ಕೇರಳದ ಗಡಿನಾಡು ಕಾಸರಗೋಡಿನ ಮಂಜೇಶ್ವರ, ಕುಂಬಳೆ, ಬದಿಯಡ್ಕ, ಪೆರ್ಲ, ಮುಳ್ಳೇರಿಯದಂಥ ಊರುಗಳ ಗ್ರಂಥಾಲಯ, ಯುವಕ ಸಂಘ, ಶಾಲೆಯ ಹಳೆ ವಿದ್ಯಾರ್ಥಿ ಸಂಘಗಳಿಗಾಗಿ. ಮೂವತ್ತು ನಲವತ್ತು ಜನ, ನಾಲ್ಕು ಕಥೆ, ಅವುಗಳಿಂದ ಗಿರೀಶ ಕಾಸರವಳ್ಳಿಯವರು ಮಾಡಿದ ನಾಲ್ಕು ಚಿತ್ರ: ಒಂದು ವರ್ಷಕ್ಕೆ ಇಷ್ಟು ಸಾಕು. ಅವರನ್ನೇ ಆರಿಸಲು ಕಾರಣವಿದೆ. ಅವರ ಚಿತ್ರಗಳಲ್ಲಿ ಹೆಚ್ಚಿನವು ಕನ್ನಡದ ಕಥೆ, ಕಾದಂಬರಿಗಳಿಂದ ಬಂದವು. ಮೂಲವನ್ನು ಕೈಯಲ್ಲಿ ಹಿಡಿದುಕೊಂಡು ನೋಡಬಹುದು. ಮೇಲಾಗಿ ಅವರು ಬದಲಾಯಿಸಲು ಅಂಜುವವರಲ್ಲ. (ಕಾಸರಗೋಡಿಗೂ ಕಾಸರವಳ್ಳಿಗೂ ಏನು ನಂಟು ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ಏನೂ ಇಲ್ಲ, ಅವರು ತೀರ್ಥಹಳ್ಳಿ ಕಡೆಯವರು.)

ಯಾವಾಗ, ಯಾವುದು

ನಮ್ಮ ಕಡೆ ಕಾಲ ನೋಡದೆ ಕಾರ್ಯಕ್ರಮ ಇಟ್ಟರೆ ಖಾಲಿ ಕುರ್ಚಿಗೆ ಸಿನಿಮಾ ತೋರಿಸಬೇಕಾಗುತ್ತದೆ. ದೀಪಾವಳಿ ಕಳೆದ ಮೇಲೆ ಮೇ ಕೊನೆಯ ವಾರದ ಪತ್ತನಾಜೆಯವರೆಗೆ ಯಕ್ಷಗಾನ, ಕೋಲ, ಕಳಿಯಾಟ, ಜಾತ್ರೆ, ಅದರ ನಡುವೆ ಅಡಕೆ ಕೊಯ್ಲು. ಜನ ಮನೆಯಲ್ಲಿರುವುದು ಮಳೆಗಾಲದಲ್ಲಿ. ಆದರೆ ಶೀಟಿನ ಮಾಡಿನ ಮೇಲೆ ಮಳೆ ಹೊಯ್ಯುವಾಗ ಸಿನಿಮಾದ ಮಾತು ಕೇಳಿಸುವುದಿಲ್ಲ. ಕಾಸರವಳ್ಳಿಯವರ ಚಿತ್ರಗಳಲ್ಲಿ ಮಾತಿಗಿಂತ ಮೌನಕ್ಕೆ ಕೆಲಸ ಹೆಚ್ಚಾದ್ದರಿಂದ ನಷ್ಟ ಇನ್ನೂ ದೊಡ್ಡದು. ಹಾಗಾಗಿ ಕೆಲಸವನ್ನು ಎರಡಾಗಿ ಒಡೆಯಿರಿ. ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಓದು, ಮಳೆ ಇಳಿದ ಮೇಲೆ ಸೆಪ್ಟೆಂಬರ್ ಕೊನೆಯಿಂದ ದೀಪಾವಳಿಯೊಳಗೆ ನೋಟ. 'ದ್ವೀಪ'ವನ್ನು ಮಳೆಯ ನಡುವೆಯೇ ತೋರಿಸೋಣ, ಕಳೆ ಬರುತ್ತದೆ ಎಂದು ಯಾರಾದರೂ ಒಬ್ಬರು ಹೇಳುತ್ತಾರೆ. ಕೇಳಬೇಡಿ. ಆ ಚಿತ್ರದಲ್ಲಿ ಮಳೆಯೇ ಒಂದು ಪಾತ್ರ. ಹೊರಗಿನ ಮಳೆ ಒಳಗಿನ ಮಳೆಯನ್ನು ನುಂಗಿಬಿಡುತ್ತದೆ.

ಮೊದಲ ವರ್ಷಕ್ಕೆ ಈ ನಾಲ್ಕು, ಇದೇ ಅನುಕ್ರಮದಲ್ಲಿ: 'ತಬರನ ಕಥೆ' (ಪೂರ್ಣಚಂದ್ರ ತೇಜಸ್ವಿ; ಚಿತ್ರ 1986), 'ಘಟಶ್ರಾದ್ಧ' (ಯು.ಆರ್. ಅನಂತಮೂರ್ತಿ, 1977), 'ದ್ವೀಪ' (ನಾ. ಡಿಸೋಜ, 2002), 'ಗುಲಾಬಿ ಟಾಕೀಸು' (ವೈದೇಹಿ, 2008). ಮೊದಲಿನ ಮೂರಕ್ಕೂ ಆಯಾ ವರ್ಷದ ಅತ್ಯುತ್ತಮ ಚಿತ್ರದ ಸ್ವರ್ಣಕಮಲ ಬಂದಿದೆ, ನಾಲ್ಕನೆಯದಕ್ಕೆ ಉಮಾಶ್ರೀಯವರಿಗೆ ನಟಿಯ ರಾಷ್ಟ್ರಪ್ರಶಸ್ತಿ. ಆದರೆ ಆಯ್ಕೆ ಪ್ರಶಸ್ತಿ ನೋಡಿ ಮಾಡಿದ್ದಲ್ಲ. ತಬರ ಎಲ್ಲರಿಗೂ ದಾರಿ ಬಿಡುವ ಕಥೆ. ಗುಲಾಬಿ ಮೂಲದಿಂದ ಬಹಳ ದೂರ ಹೋದ ಚಿತ್ರ. ಹತ್ತಿರದಿಂದ ದೂರಕ್ಕೆ ಹೋದರೆ ಕಣ್ಣು ಪಳಗುತ್ತದೆ.

'ನಾಯಿ ನೆರಳು', 'ತಾಯಿ ಸಾಹೇಬ' ಎರಡನೆಯ ವರ್ಷಕ್ಕಿರಲಿ. ಅವುಗಳ ಮೂಲ ಕಾದಂಬರಿ. ಓದಿ ಮುಗಿಸುವವರು ಅರ್ಧದಷ್ಟೇ ಸಿಗುತ್ತಾರೆ, ಓದದವರು ಚರ್ಚೆಯಲ್ಲಿ ಹೆಚ್ಚು ಮಾತಾಡುತ್ತಾರೆ.

ಓದು

ಒಂದು ಕಥೆಗೆ ಆರು ಪ್ರತಿ ಬೇಕು. ನಲವತ್ತು ಜನಕ್ಕೆ ಆರು ಸಾಲದು ಅನ್ನಿಸಬಹುದು, ಆದರೆ ಇಲ್ಲಿ ಓದು ಎಂದರೆ ಗಟ್ಟಿಯಾಗಿ ಓದುವುದು. ಮಲಯಾಳ ಅಥವಾ ಇಂಗ್ಲಿಷ್ ಮಾಧ್ಯಮದಲ್ಲಿ ಕಲಿತ ಮಕ್ಕಳಿಗೆ ಮನೆಮಾತು ಕನ್ನಡವಾದರೂ ಅಕ್ಷರ ನಿಧಾನ. ಕೈಯಲ್ಲಿ ಪುಸ್ತಕ ಕೊಟ್ಟು ಕಳಿಸಿದರೆ ಅದು ಕಪಾಟಿನಿಂದ ಕಪಾಟಿಗೆ ಹೋಗುತ್ತದೆ. ಕಿವಿಗೆ ಬಿದ್ದರೆ ಅವರೇ ಮೊದಲು ಹಿಡಿಯುತ್ತಾರೆ. ಇಪ್ಪತ್ತು ಪುಟದ ಕಥೆ ಗಟ್ಟಿಯಾಗಿ ಓದಲು ಸುಮಾರು ಒಂದು ಗಂಟೆ ಬೇಕು. ಇಬ್ಬರು ಓದಲಿ, ಅರ್ಧಕ್ಕೆ ಬದಲಾಗಲಿ. ಒಬ್ಬರೇ ಓದಿದರೆ ಕೊನೆಯ ಐದು ಪುಟ ಓಡುತ್ತದೆ; ಕಥೆಯ ಜೀವ ಇರುವುದೇ ಅಲ್ಲಿ.

ಪುರಾಣ ವಾಚನ ಪ್ರವಚನದ ರೂಢಿ ನಮ್ಮಲ್ಲಿ ಗಟ್ಟಿಯಾಗಿದೆ, ಅದರ ಒಂದು ಅಪಾಯವೂ ಇದೆ. ಒಬ್ಬರು ಓದಿದ ಕೂಡಲೇ ಪಕ್ಕದಲ್ಲಿ ಕೂತವರು ಅರ್ಥ ವಿವರಿಸಲು ಶುರು ಮಾಡುತ್ತಾರೆ. ಇಲ್ಲಿ ವಾಚನ ಮಾತ್ರ, ಪ್ರವಚನ ಇಲ್ಲ. ಗೊತ್ತಾಗದ ಪದಗಳನ್ನು ಓದುವ ಮೊದಲೇ ಬೋರ್ಡಿನ ಮೇಲೆ ಬರೆದುಬಿಡಿ. 'ಘಟಶ್ರಾದ್ಧ'ದ ಮಟ್ಟಿಗೆ ಶೀರ್ಷಿಕೆಯೇ ಅಂಥ ಪದ: ಬದುಕಿರುವವರನ್ನು ಸತ್ತವರೆಂದು ಲೆಕ್ಕಹಿಡಿದು, ಮಡಕೆ ಒಡೆದು ಶ್ರಾದ್ಧ ಮಾಡಿ ಜಾತಿಯಿಂದ ಹೊರಹಾಕುವ ಕರ್ಮ. ಹಿರಿಯರಿಗೆ ಗೊತ್ತಿರುತ್ತದೆ, ಹದಿನೈದರ ಹುಡುಗರಿಗೆ ಗೊತ್ತಿರುವುದಿಲ್ಲ. ಬಸಿರು ತೆಗೆಸುವ ಪ್ರಸಂಗವೂ ಬರುವುದರಿಂದ ಎಳೆಯ ಮಕ್ಕಳನ್ನು ಆ ದಿನ ಕರೆಯಬೇಡಿ.

ವೈದೇಹಿಯವರ ಕಥೆ ಓದುವವರು ಕುಂದಾಪ್ರದ ಮಾತನ್ನು ಪುಸ್ತಕದ ಕನ್ನಡಕ್ಕೆ ತಿದ್ದಿ ಓದಬಾರದು. ನಾಲಿಗೆ ತೊಡರಿದರೂ ಇದ್ದದ್ದು ಇದ್ದ ಹಾಗೆ. ನಮ್ಮ ಕಿವಿಗೆ ಹವ್ಯಕ, ತುಳು, ಬ್ಯಾರಿ, ಕೊಂಕಣಿ ಎಲ್ಲ ಬಿದ್ದಿರುವುದರಿಂದ ಕುಂದಾಪ್ರ ಕನ್ನಡ ಬೆಂಗಳೂರಿನವರಿಗಿಂತ ನಮಗೇ ಬೇಗ ಹತ್ತುತ್ತದೆ.

ಎಲ್ಲವನ್ನೂ ಚಿತ್ರಕ್ಕೆ ಮೊದಲೇ ಪೂರ್ತಿ ಓದಬೇಕು ಎಂದಿಲ್ಲ. ತಬರನ ಕಥೆಯನ್ನು ಮೂರರಲ್ಲಿ ಎರಡು ಪಾಲು ಓದಿ ನಿಲ್ಲಿಸಿ, ಕೊನೆಯನ್ನು ಚಿತ್ರ ನೋಡಿದ ಮರುವಾರ ಓದಿ. ಘಟಶ್ರಾದ್ಧ ಪೂರ್ತಿ ಮೊದಲೇ. ದ್ವೀಪ ಸಣ್ಣ ಕಾದಂಬರಿ. ಒಂದು ತಿಂಗಳ ಮೊದಲು ಮನೆಮನೆಗೆ ಕೊಟ್ಟು ಓದಿಸಿ. ಗುಲಾಬಿ ಟಾಕೀಸಿನ ಕಥೆಯನ್ನು ಮಾತ್ರ ಚಿತ್ರದ ನಂತರವೇ ಓದಿ. ಮೊದಲೇ ಓದಿದವರು ಎರಡು ಗಂಟೆ ಕಾಲ ಟಾಕೀಸು ಎಲ್ಲಿ ಎಂದು ಹುಡುಕುತ್ತ ಕೂರುತ್ತಾರೆ, ಎದುರಿಗಿರುವುದು ಕಾಣುವುದಿಲ್ಲ.

ಹದಿನೈದು ನಿಮಿಷದ ಕಸರತ್ತು

ಓದು ಮುಗಿದ ಸಂಜೆಯೇ ಇದನ್ನು ಮಾಡಿಸಿ. ಇದನ್ನು ಬಿಟ್ಟರೆ ಉಳಿದದ್ದು ಬರೀ ಸಿನಿಮಾ ಶೋ ಆಗುತ್ತದೆ. ಕಥೆಯ ಒಂದು ಪುಟ ಆರಿಸಿ. ನಾಲ್ಕು ನಾಲ್ಕು ಜನರ ಗುಂಪು ಮಾಡಿ. "ಇದನ್ನು ನೀವು ಚಿತ್ರ ಮಾಡುವುದಾದರೆ ಪರದೆಯ ಮೇಲೆ ಏನು ಕಾಣುತ್ತದೆ, ಏನು ಕೇಳುತ್ತದೆ? ಅಷ್ಟನ್ನೇ ಬರೆಯಿರಿ." ಅನ್ನಿಸಿತು, ನೆನಪಾಯಿತು, ಬೇಸರವಾಯಿತು ಎಂಬ ಕ್ರಿಯಾಪದಗಳಿಗೆ ಅವಕಾಶ ಇಲ್ಲ.

ಹೇಗೆ ಎಂದು ತೋರಿಸಲು ಒಂದು ವಾಕ್ಯ ಇಟ್ಟುಕೊಳ್ಳೋಣ: "ಗಂಡ ಸತ್ತ ಮೇಲೆ ಆ ಮನೆಯಲ್ಲಿ ತನಗೆ ಜಾಗವಿಲ್ಲ ಎಂದು ಅವಳಿಗೆ ಅನ್ನಿಸತೊಡಗಿತು." ಮೊದಲ ಗುಂಪು ಅವಳ ಬಾಯಲ್ಲೇ ಹೇಳಿಸುತ್ತದೆ, ನೆರೆಮನೆಯವಳ ಹತ್ತಿರ. ಎರಡನೆಯದು ಹಿನ್ನೆಲೆಯಲ್ಲಿ ಒಂದು ಧ್ವನಿ ಹಾಕುತ್ತದೆ. ಮೂರನೆಯದು ಅವಳನ್ನು ಕಂಬಕ್ಕೆ ಒರಗಿಸಿ ಅಳಿಸುತ್ತದೆ, ವೀಣೆಯೂ ಇರುತ್ತದೆ. ಮೂರೂ ಸೋತಂತೆ, ಏಕೆಂದರೆ ಮೂರೂ ವಾಕ್ಯವನ್ನೇ ಮತ್ತೊಮ್ಮೆ ಓದಿವೆ. ಈಗ ಹೀಗೆ ನೋಡಿ: ಅಂಗಳದ ಹಗ್ಗದಲ್ಲಿ ಎಲ್ಲರ ಬೈರಾಸು, ಸೀರೆ ಒಣಗುತ್ತಿವೆ. ಅವಳು ತನ್ನ ಹಿಂಡಿದ ಸೀರೆ ಹಿಡಿದು ಹಗ್ಗದ ಹತ್ತಿರ ಬರುತ್ತಾಳೆ. ಜಾಗ ಇದೆ. ಆದರೂ ಕೊಟ್ಟಿಗೆಯ ಹಿಂದೆ ಹೋಗಿ ಬೇಲಿಯ ಮೇಲೆ ಹರವುತ್ತಾಳೆ. ಎರಡು ಶಾಟು, ಮಾತು ಸೊನ್ನೆ. "ಜಾಗ ಇದೆ" ಎಂಬುದೇ ಇಲ್ಲಿ ಮುಖ್ಯ. ಹಗ್ಗ ತುಂಬಿದ್ದರೆ ಅದು ಹಗ್ಗದ ಸಮಸ್ಯೆ ಆಗುತ್ತಿತ್ತು.

ಬರೆದ ಕಾಗದಗಳನ್ನು ಮಡಚಿ ಇಡಿ, ಚರ್ಚಿಸಬೇಡಿ. ಚಿತ್ರ ನೋಡಿದ ಮೇಲೆ ಅದೇ ಜಾಗದಲ್ಲಿ ನಿರ್ದೇಶಕರು ಏನು ಮಾಡಿದ್ದಾರೆ ಎಂದು ಪಕ್ಕಪಕ್ಕ ಇಟ್ಟು ನೋಡಿ. ಕೆಲವು ಸಲ ಆ ಪುಟವೇ ಚಿತ್ರದಲ್ಲಿ ಇರುವುದಿಲ್ಲ. ಅದೂ ಒಂದು ಉತ್ತರ.

ಬದಲಾವಣೆಯ ಪಟ್ಟಿ

ಒಂದು ಉದ್ದ ಲೆಕ್ಕಪುಸ್ತಕ ತನ್ನಿ. ಎಡಪುಟ ಕಥೆಗೆ, ಬಲಪುಟ ಚಿತ್ರಕ್ಕೆ. ಸಾಲುಗಳು ಇಷ್ಟು: ಶೀರ್ಷಿಕೆ, ಹೆಸರುಗಳು, ಯಾರ ಕಣ್ಣು, ಕಾಲ ಮತ್ತು ಊರು, ಹೊಸದಾಗಿ ಸೇರಿದವರು ಹಾಗೂ ಕಾಣೆಯಾದವರು, ವಸ್ತುಗಳು, ಸದ್ದು, ಕೊನೆ. ಎಡಪುಟವನ್ನು ಓದಿದ ದಿನವೇ ತುಂಬಿಸಿ. ಬಲಪುಟಕ್ಕೆ ಮೂವರನ್ನು ನೇಮಿಸಿ. ಒಬ್ಬರಿಗೆ ಸದ್ದು, ಒಬ್ಬರಿಗೆ ವಸ್ತು, ಒಬ್ಬರಿಗೆ ಉಳಿದದ್ದು. ಕತ್ತಲಲ್ಲಿ ಮೊಬೈಲ್ ಬೆಳಕಿನಲ್ಲಿ ಬರೆಯುವುದಕ್ಕೆ ಬಿಡಬೇಡಿ, ಹಿಂದಿನ ಹತ್ತು ಜನರ ಕಣ್ಣು ಅಲ್ಲಿಗೇ ಹೋಗುತ್ತದೆ. ಚಿತ್ರ ಮುಗಿದು ಚಹಾ ಕುಡಿಯುವ ಹತ್ತು ನಿಮಿಷದಲ್ಲಿ ಬರೆದರೆ ಸಾಕು. ನೆನಪಿನಲ್ಲಿ ಉಳಿಯದ ವಸ್ತು ಚರ್ಚೆಗೂ ಬೇಡ.

ಶೀರ್ಷಿಕೆಯ ಸಾಲನ್ನು ಹಗುರವಾಗಿ ನೋಡಬೇಡಿ. ಬಾನು ಮುಷ್ತಾಕರ 'ಕರಿ ನಾಗರಗಳು' ಕಾಸರವಳ್ಳಿಯವರಲ್ಲಿ 2004ರ 'ಹಸೀನಾ' ಆಯಿತು. ಕಥೆಯ ಹೆಸರು ಬೆರಳು ತೋರಿಸುವುದು ತಪ್ಪು ಮಾಡಿದವರ ಕಡೆಗೆ. ಚಿತ್ರದ ಹೆಸರು ನ್ಯಾಯ ಕೇಳಿದ ಹೆಂಗಸಿನದು. ಕಥೆಯಲ್ಲಿ ಅವಳ ಹೆಸರು ಆಶ್ರಫ್. ಹೆಸರು ಎರಡು ಕಡೆ ಬದಲಾಯಿತು ಎಂದರೆ ನಡುವೆ ಇನ್ನೂ ಏನೋ ಬದಲಾಗಿದೆ ಎಂದೇ ತಿಳಿಯಬೇಕು. ಹಾಗೆಯೇ ಅಮರೇಶ ನುಗಡೋಣಿಯವರ 'ಸವಾರಿ', 'ಕನಸೆಂಬೋ ಕುದುರೆಯನೇರಿ' ಆದದ್ದು. ಆ ಚಿತ್ರ ನಡೆದದ್ದನ್ನೇ ಎರಡು ಸಲ, ಎರಡು ಮನೆಯ ಕಡೆಯಿಂದ ಹೇಳುತ್ತದೆ. ಅದರ ಚಿತ್ರಕಥೆಗೆ ಗೋಪಾಲಕೃಷ್ಣ ಪೈ ಮತ್ತು ಕಾಸರವಳ್ಳಿಯವರಿಗೆ ರೂಪಾಂತರಿತ ಚಿತ್ರಕಥೆಯ ರಾಷ್ಟ್ರಪ್ರಶಸ್ತಿ ಬಂತು. ಪಟ್ಟಿ ಮಾಡುವ ಅಭ್ಯಾಸ ಗಟ್ಟಿಯಾದ ಮೇಲೆ ಎರಡನೆಯ ವರ್ಷ ಇದನ್ನು ತೆಗೆದುಕೊಳ್ಳಿ.

ತಬರನ ಪಟ್ಟಿಯಲ್ಲಿ ವಸ್ತುವಿನ ಸಾಲು ಉದ್ದ ಬರಬೇಕು. ಮೇಜು, ಫೈಲು, ಕಿಟಕಿ, ಬೆಂಚು. ಪುರಸಭೆಯ ಕೆಲಸದಿಂದ ನಿವೃತ್ತನಾದ ಬಡವ ಪಿಂಚಣಿಗಾಗಿ ಅಲೆಯುವುದು, ಅಲ್ಲಿ ಹೆಂಡತಿಯ ಕಾಲಿನ ಗಾಯ ಕೊಳೆಯುವುದು: ಕಥೆ ಇಷ್ಟೇ. ತೇಜಸ್ವಿಯವರ ನಿರೂಪಣೆಯಲ್ಲಿ ಒಂದು ಒಣ ನಗು ಇದೆ. ಓದುವಾಗ ಜನ ನಕ್ಕೇ ನಗುತ್ತಾರೆ. ಎಲ್ಲಿ ನಕ್ಕರು ಎಂದು ಎಡಪುಟದಲ್ಲಿ ಗುರುತು ಹಾಕಿ. ಚಿತ್ರದಲ್ಲಿ ನಿರೂಪಕನ ದನಿಯ ಕೆಲಸವನ್ನು ಚಾರುಹಾಸನ್ ಅವರ ಮುಖ ಮಾಡಬೇಕಾಗುತ್ತದೆ. ಆ ನಗು ಉಳಿಯಿತೇ, ಬೇರೆ ಏನಾದರೂ ಆಯಿತೇ ಎಂಬುದೇ ಈ ಜೋಡಿಯ ಮುಖ್ಯ ಪ್ರಶ್ನೆ. ತನ್ನದಲ್ಲದ ಭಾಷೆಯಲ್ಲಿ ಅಚ್ಚಾದ ಅರ್ಜಿ ಹಿಡಿದು ಕೌಂಟರಿನ ಮುಂದೆ ನಿಂತು ಗೊತ್ತಿರುವ ಗಡಿನಾಡಿನವರಿಗೆ ತಬರನ ಪರದಾಟ ಬೇಗ ಒಳಗಿಳಿಯುತ್ತದೆ. ಆದರೆ ಚರ್ಚೆ ಅಲ್ಲಿಗೇ ಜಾರಿ, ಪ್ರತಿಯೊಬ್ಬರೂ ತಮ್ಮ ರೇಷನ್ ಕಾರ್ಡಿನ ಕಥೆ ತೆಗೆದರೆ ಸಿನಿಮಾ ಮರೆಯಾಗುತ್ತದೆ. ಹತ್ತು ನಿಮಿಷ ಬಿಡಿ, ಆಮೇಲೆ ಪಟ್ಟಿಗೆ ಎಳೆದು ತನ್ನಿ.

ಘಟಶ್ರಾದ್ಧದಲ್ಲಿ ಹಿಡಿಯಬೇಕಾದ್ದು 'ಯಾರ ಕಣ್ಣು' ಎಂಬ ಸಾಲನ್ನು. ವೇದ ಕಲಿಯಲು ಬಂದ ಸಣ್ಣ ಹುಡುಗ ನಾಣಿ, ಗುರುವಿನ ವಿಧವೆ ಮಗಳು ಯಮುನಕ್ಕ. ದೊಡ್ಡವರ ಲೋಕದಲ್ಲಿ ನಡೆಯುವುದು ಹುಡುಗನಿಗೆ ಅರ್ಧ ಗೊತ್ತಾಗುತ್ತದೆ, ಅರ್ಧ ಇಲ್ಲ. ಬರಹದಲ್ಲಿ ಈ ಅರ್ಧ ತಿಳಿವನ್ನು ಹುಡುಗನ ಭಾಷೆ ಹೊತ್ತುಕೊಳ್ಳುತ್ತದೆ. ಕ್ಯಾಮೆರಾ ಆದರೆ ಹುಡುಗನನ್ನೂ ತೋರಿಸುತ್ತದೆ. ನಾವು ಅವನ ಕಣ್ಣಿನಿಂದ ನೋಡುತ್ತಿದ್ದೇವೋ, ನೋಡುತ್ತಿರುವ ಅವನನ್ನು ನೋಡುತ್ತಿದ್ದೇವೋ? ಎರಡೂ ಎಲ್ಲೆಲ್ಲಿ ಬರುತ್ತದೆ ಎಂದು ಮೂರು ದೃಶ್ಯ ಗುರುತಿಸಿದರೆ ಆ ದಿನದ ಕೆಲಸ ಆಯಿತು. ಇದೇ ಕಥೆಯನ್ನು ಅರುಣ್ ಕೌಲ್ 1991ರಲ್ಲಿ ಹಿಂದಿಯಲ್ಲಿ 'ದೀಕ್ಷಾ' ಎಂದು ಮಾಡಿದ್ದಾರೆ. ಒಂದು ಪದ್ಯಕ್ಕೆ ಇಬ್ಬರು ಅರ್ಥಧಾರಿಗಳು. ಕಾಲೇಜು ವಿದ್ಯಾರ್ಥಿಗಳ ಗುಂಪಾದರೆ ಎರಡರ ಒಂದೇ ಪ್ರಸಂಗವನ್ನು ಪಕ್ಕಪಕ್ಕ ಇಟ್ಟು ನೋಡಿಸಿ. ಕಾಸರವಳ್ಳಿಯವರ ಚಿತ್ರ ಕಪ್ಪುಬಿಳುಪು, ಬಿ.ವಿ. ಕಾರಂತರ ಸಂಗೀತ. ಮಂಕಾದ ಹಳೆ ಪ್ರತಿ ನೋಡಿ ರಾತ್ರಿಯ ದೃಶ್ಯಗಳ ಬಗ್ಗೆ ತೀರ್ಪು ಕೊಡಬೇಡಿ. ಚಿತ್ರವನ್ನು ದುರಸ್ತಿ ಮಾಡಿದ ಪ್ರತಿ 2024ರಲ್ಲಿ ವೆನಿಸ್ ಉತ್ಸವದಲ್ಲಿ ತೋರಿಸಲ್ಪಟ್ಟಿದೆ, ಸಿಗುವುದಾದರೆ ಅದಕ್ಕೇ ಪ್ರಯತ್ನಿಸಿ.

ದ್ವೀಪದಲ್ಲಿ ಹೆಸರುಗಳಿಂದ ಶುರು ಮಾಡಿ. ಕಾದಂಬರಿಯ ಗಣಪಯ್ಯ, ನಾಗವೇಣಿ, ಕೃಷ್ಣಯ್ಯ ಚಿತ್ರದಲ್ಲಿ ಗಣಪ, ನಾಗಿ, ಕೃಷ್ಣ. 'ಅಯ್ಯ' ಹೋಯಿತು. ಹೆಸರಿನ ಬಾಲ ಹೋದರೆ ಅದರ ಜೊತೆ ಜಾತಿ, ಜಮೀನು, ಅಂತಸ್ತು ಏನೇನು ಸರಿಯುತ್ತದೆ ಎಂದು ನಮ್ಮ ಊರಿನವರಿಗೆ ವಿವರಿಸಬೇಕಿಲ್ಲ, ಕೇಳಿದರೆ ಸಾಕು. ಅಣೆಕಟ್ಟಿನ ಹಿನ್ನೀರು ಏರಿ ಗುಡ್ಡ ದ್ವೀಪವಾಗುವ ಕಥೆಯ ಹಿಂದೆ ಶರಾವತಿಯ ಲಿಂಗನಮಕ್ಕಿ ಇದೆ, ಅದು ಮುಗಿದದ್ದು 1964ರಲ್ಲಿ. ಚಿತ್ರದಲ್ಲಿ ಹೊತ್ತಿನಿಂದ ಹೊತ್ತಿಗೆ ನೀರು ಎಲ್ಲಿಗೆ ಬಂತು ಎಂಬುದನ್ನು ಗಮನಿಸಲು ಒಬ್ಬರಿಗೆ ಹೇಳಿ. ಇಡೀ ಮಳೆಗಾಲ ಮನೆಯನ್ನು ಹಿಡಿದು ನಿಲ್ಲಿಸುವವಳು ಸೌಂದರ್ಯ ಮಾಡಿದ ನಾಗಿ. ನೀರು ಇಳಿದಾಗ ಗಂಡ ಕೈಮುಗಿಯುವುದು ದೇವರ ಕಡೆಗೆ. ಕಾದಂಬರಿಯ ಕೊನೆ ಬೇರೆ. ಓದಿ ಮುಗಿಸಿದವರು ಪ್ರದರ್ಶನಕ್ಕೆ ಮೊದಲೇ ಪಕ್ಕದವರಿಗೆ ಹೇಳಿಬಿಡದಂತೆ ನೋಡಿಕೊಳ್ಳಿ, ಇದು ನಡೆದೇ ನಡೆಯುವ ಅನಾಹುತ. ದುಗ್ಗಜ್ಜನಾಗಿ ಬರುವ ಎಂ.ವಿ. ವಾಸುದೇವ ರಾವ್ 1975ರ 'ಚೋಮನ ದುಡಿ'ಯ ಚೋಮ. ಹಿರಿಯರು ಗುರುತು ಹಿಡಿದು ಸಂತೋಷಪಡುತ್ತಾರೆ.

ಗುಲಾಬಿಯದ್ದು ಬೇರೆಯೇ ಲೆಕ್ಕ. ವೈದೇಹಿಯವರ ಕಥೆಯಲ್ಲಿ ಸಣ್ಣ ಊರಿಗೆ ಟಾಕೀಸು ಬರುತ್ತದೆ. ಸೂಲಗಿತ್ತಿ ಲಿಲ್ಲಿಬಾಯಿ ಅದರ ಬಾಗಿಲು ಕಾಯುವವಳಾಗುತ್ತಾಳೆ. ಚಿತ್ರದಲ್ಲಿ ಸೂಲಗಿತ್ತಿಯೇ ಗುಲಾಬಿ, ಮುಸ್ಲಿಂ ಹೆಂಗಸು, ಮೀನುಗಾರರ ಕುದ್ರುವಿನಲ್ಲಿ (ನಡುಗಡ್ಡೆಯಲ್ಲಿ) ಒಂಟಿ. ಒಂದು ಹೆರಿಗೆ ಮಾಡಿಸಿದ್ದಕ್ಕೆ ಅವಳಿಗೆ ಡಿಶ್ ಸಮೇತ ಕಲರ್ ಟಿವಿ ಸಿಗುತ್ತದೆ. ಕಾಲ ಕಾರ್ಗಿಲ್ ಯುದ್ಧದ ಹೊತ್ತಿಗೆ ಸರಿದಿದೆ. ಈಗ ಪ್ರಶ್ನೆ ಕೇಳಿ: ಟಾಕೀಸು ಹೋಗಿ ಟಿವಿ ಬಂದರೆ ಬಾಗಿಲು ಯಾರದಾಯಿತು? ಟಾಕೀಸಿಗೆ ಹೆಂಗಸರು ಮನೆ ಬಿಟ್ಟು ಹೋಗುತ್ತಾರೆ. ಟಿವಿ ನೋಡಲು ಗುಲಾಬಿಯ ಹೊಸ್ತಿಲು ದಾಟಬೇಕು. ದಾಟಲೊಲ್ಲದೆ ಹೊರಗೇ ನಿಂತು ನೋಡುವವರೂ ಇದ್ದಾರೆ. ಚಿತ್ರದ ಉಳಿದ ಬದಲಾವಣೆಗಳು, ಧರ್ಮ, ಸಣ್ಣ ದೋಣಿ ದೊಡ್ಡ ಬೋಟಿನ ಜಗಳ, ಊರು ಒಡೆಯುವುದು, ಎಲ್ಲವೂ ಈ ಹೊಸ್ತಿಲಿನಿಂದ ಹೊರಟವು ಎಂದು ನಮ್ಮ ಓದು. ಬೇರೆ ಓದೂ ಸಾಧ್ಯ; ಆದರೆ ಪಟ್ಟಿಯಲ್ಲಿ ಬರೆದದ್ದನ್ನು ತೋರಿಸಿ ಹೇಳಬೇಕು. ಉಪ್ಪಳ, ಮಂಜೇಶ್ವರದ ಕಡಲ ಕರೆಯಲ್ಲಿ ಈ ಚಿತ್ರದ ಚರ್ಚೆ ಬಿಸಿಯಾಗುತ್ತದೆ. ಬಿಸಿಯಾಗಲಿ, "ಇದು ಪರದೆಯ ಮೇಲೆ ಎಲ್ಲಿತ್ತು" ಎಂಬ ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುತ್ತಿದ್ದರೆ ಮಾತು ಹಳಿ ತಪ್ಪುವುದಿಲ್ಲ.

ಚರ್ಚೆಗೆ ಒಂದೇ ಕಟ್ಟುಪಾಡು. ಮೊದಲ ಇಪ್ಪತ್ತು ನಿಮಿಷ ಕಂಡದ್ದು, ಕೇಳಿದ್ದು ಮಾತ್ರ ಹೇಳಬೇಕು. ಚೆನ್ನಾಗಿದೆ, ಚೆನ್ನಾಗಿಲ್ಲ, ನಿಧಾನ ಎಂಬ ಮಾತುಗಳು ಅದರ ನಂತರ. ನಿಧಾನ ಎಂದವರಿಗೆ ಯಾವ ದೃಶ್ಯ, ಆಗ ಏನು ಕೇಳಿಸುತ್ತಿತ್ತು ಎಂದು ಕೇಳಿ. ಹೆಚ್ಚಿನ ಸಲ ಅವರಿಗೆ ಆ ದೃಶ್ಯವೇ ಎಲ್ಲರಿಗಿಂತ ಚೆನ್ನಾಗಿ ನೆನಪಿರುತ್ತದೆ.

ಅನುಮತಿ

ಮನೆಯಲ್ಲಿ ನೋಡುವುದು ಬೇರೆ, ಊರಿಗೆ ಕರೆ ಕೊಟ್ಟು ತೋರಿಸುವುದು ಬೇರೆ. ಟಿಕೆಟ್ ಇಲ್ಲದಿದ್ದರೂ, ಅಂತರ್ಜಾಲದಲ್ಲಿ ಬಿಟ್ಟಿ ಸಿಗುತ್ತಿದ್ದರೂ, ಸಾರ್ವಜನಿಕ ಪ್ರದರ್ಶನಕ್ಕೆ ಚಿತ್ರದ ಹಕ್ಕುದಾರರ ಲಿಖಿತ ಒಪ್ಪಿಗೆ ಬೇಕು. ಶಾಲೆ, ಕಾಲೇಜಿನೊಳಗೆ ವಿದ್ಯಾರ್ಥಿ, ಅಧ್ಯಾಪಕರು, ಪೋಷಕರಿಗಷ್ಟೇ ತೋರಿಸುವುದಕ್ಕೆ ಕೃತಿಸ್ವಾಮ್ಯ ಕಾಯ್ದೆಯ 52ನೇ ವಿಧಿಯಲ್ಲಿ ವಿನಾಯಿತಿ ಇದೆ. ಗ್ರಂಥಾಲಯಕ್ಕೆ ಅದು ಅನ್ವಯಿಸುವುದಿಲ್ಲ. ಪತ್ರವನ್ನು ಎರಡು ತಿಂಗಳ ಮೊದಲೇ ಬರೆಯಿರಿ: ದಿನಾಂಕ, ಸ್ಥಳ, ಅಂದಾಜು ಜನ, ಪ್ರವೇಶ ಉಚಿತ, ಪ್ರತಿ ಯಾವ ರೂಪದಲ್ಲಿ ಬೇಕು. ಕಥೆಯ ಪುಟಗಳನ್ನು ನಲವತ್ತು ಝೆರಾಕ್ಸ್ ತೆಗೆದು ಹಂಚುವುದೂ ತಪ್ಪೇ. ಅದಕ್ಕೇ ಆರು ಪ್ರತಿ ಕೊಳ್ಳಲು ಹೇಳಿದ್ದು.

ಇದೆಲ್ಲ ನಡೆದ ಮೇಲೆ ಹುಡುಗರು ತಾವೇ ಒಂದು ಕಥೆಯನ್ನು ಕಿರುಚಿತ್ರ ಮಾಡುತ್ತೇವೆ ಎಂದು ಬರುತ್ತಾರೆ, ಬರಬೇಕು. ಬರೆದವರು ತೀರಿಕೊಂಡ ಮರುವರ್ಷದ ಆರಂಭದಿಂದ 60 ವರ್ಷ ಹಕ್ಕು ಉಳಿಯುತ್ತದೆ. ಪಂಜೆ ಮಂಗೇಶರಾಯರು ತೀರಿಕೊಂಡದ್ದು 1937ರಲ್ಲಿ, ಅವರ ಕಥೆಗಳು ಎಂದೋ ಮುಕ್ತ. ಮಂಜೇಶ್ವರದ ಗೋವಿಂದ ಪೈಗಳು 1963ರಲ್ಲಿ. ಅವರು ಬದುಕಿದ್ದಾಗ ಪ್ರಕಟವಾದ ಬರಹಗಳು 2024ರ ಜನವರಿ 1ರಿಂದ ಮುಕ್ತ. ಕಯ್ಯಾರ ಕಿಞ್ಞಣ್ಣ ರೈಗಳು 2015ರಲ್ಲಿ ಹೋದವರು, ಅವರದ್ದಕ್ಕೆ 2075ರ ಕೊನೆಯವರೆಗೆ ಒಪ್ಪಿಗೆ ಬೇಕು. ಒಪ್ಪಿಗೆ ಬಾಯಿಮಾತಿನಲ್ಲಿ ಸಾಲದು. ಹಕ್ಕು ವಹಿಸಿಕೊಡುವ ಪತ್ರಕ್ಕೆ ಹಕ್ಕುದಾರರ ಸಹಿ ಬೇಕು, ಅದರಲ್ಲಿ ಕೃತಿ, ಭಾಷೆ, ಚಿತ್ರದ ಅವಧಿ, ಪ್ರದೇಶ, ಎಷ್ಟು ವರ್ಷ ಎಲ್ಲ ಇರಬೇಕು. ವರ್ಷ ಬರೆಯದಿದ್ದರೆ ಕಾಯ್ದೆಯಂತೆ ಐದು. ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ. ಒಂದು ವರ್ಷದೊಳಗೆ ಬಳಸದಿದ್ದರೆ, ಬೇರೆ ಮಾತು ಬರೆದಿಲ್ಲವಾದರೆ, ಹಕ್ಕು ಬಿದ್ದುಹೋಗುತ್ತದೆ. ಪರೀಕ್ಷೆ, ಮಳೆ ಎಂದು ಚಿತ್ರೀಕರಣ ಮುಂದೂಡುವ ಹುಡುಗರು ಸಿಕ್ಕಿಬೀಳುವುದು ಇಲ್ಲಿ.

ಪರದೆ, ಸದ್ದು, ಕರೆಂಟು

ನಲವತ್ತು ಜನರ ಕೋಣೆಗೆ 8 ಅಡಿ ಅಗಲ, ನಾಲ್ಕೂವರೆ ಅಡಿ ಎತ್ತರದ ಪರದೆ. ಮಿರುಗುವ ಫ್ಲೆಕ್ಸ್ ಬೇಡ, ನಡುವೆ ದೀಪದ ಬಿಂಬ ಹೊಳೆಯುತ್ತದೆ. ಎರಡು ಪದರ ದಪ್ಪ ಬಿಳಿ ಬಟ್ಟೆಯನ್ನು ಸುಕ್ಕಿಲ್ಲದೆ ಬಿಗಿಯಿರಿ. ಪರದೆಯ ಕೆಳ ಅಂಚು ನೆಲದಿಂದ 4 ಅಡಿ ಮೇಲಿರಬೇಕು. ಎಲ್ಲರೂ ಇದನ್ನು ಮೂರಡಿಗೆ ಕಟ್ಟುತ್ತಾರೆ, ಸಬ್‌ಟೈಟಲ್ ಮುಂದಿನ ಸಾಲಿನವರ ತಲೆಯ ಹಿಂದೆ ಹೋಗುತ್ತದೆ. ಮೊದಲ ಸಾಲು ಪರದೆಯಿಂದ 12 ಅಡಿ. 3000 ಲ್ಯೂಮೆನ್ಸ್ ಪ್ರೊಜೆಕ್ಟರ್ ಸಾಕು, ಆದರೆ ಕತ್ತಲಾದ ಮೇಲೆ. ಏಳು ಗಂಟೆಗೆ ಮೊದಲು ಶುರು ಮಾಡಿದರೆ ಹಂಚಿನ ಸಂದಿಯ ಬೆಳಕೇ ಘಟಶ್ರಾದ್ಧದ ರಾತ್ರಿಗಳನ್ನು ಬೂದಿ ಬಣ್ಣ ಮಾಡುತ್ತದೆ.

ಹಳೆಯ ಚೌಕ ಚಿತ್ರವನ್ನು ಪರದೆ ತುಂಬುವಂತೆ ಹಿಗ್ಗಿಸಬೇಡಿ. 8 ಅಡಿಯ ಪರದೆಯಲ್ಲಿ ಅದು 6 ಅಡಿಯಷ್ಟೇ ಬರಬೇಕು, ಎರಡು ಬದಿ ಕಪ್ಪು ಉಳಿಯಬೇಕು. ಹಿಗ್ಗಿಸಿದರೆ ಮುಖಗಳೆಲ್ಲ ಅಗಲ. ಮೇಲೆ ಕೆಳಗೆ ಕತ್ತರಿಸಿದರೆ ಚೌಕಟ್ಟೇ ಹೋಯಿತು.

ಭಜನಾ ಮಂದಿರದ ಹಾರ್ನ್ ಮೈಕು ತರಬೇಡಿ, ಅದು ಕೂಗಲು ಇರುವುದು. 50 ವ್ಯಾಟಿನ ಎರಡು ಸ್ಪೀಕರ್, ಪರದೆಯ ಎರಡು ಬದಿ, ಕೂತವರ ಕಿವಿಯ ಎತ್ತರಕ್ಕೆ. ಬ್ಲೂಟೂತ್ ಬೇಡ, ತುಟಿ ಮೊದಲು ಆಡುತ್ತದೆ, ಮಾತು ಆಮೇಲೆ ಬರುತ್ತದೆ. ತಂತಿ ಎಳೆಯಿರಿ. ಫ್ಯಾನಿನ ಸದ್ದು ಎಷ್ಟಿದೆ ಎಂದು ಹಿಂದಿನ ದಿನವೇ, ಚಿತ್ರದ ಒಂದು ಮೌನದ ಭಾಗ ಹಾಕಿ ಕೇಳಿ ನೋಡಿ. ಲ್ಯಾಂಪಿನ ಪ್ರೊಜೆಕ್ಟರ್ ಆದರೆ ಯುಪಿಎಸ್ ಕಡ್ಡಾಯ: ಕರೆಂಟು ಥಟ್ಟನೆ ಹೋದರೆ ಒಳಗಿನ ಫ್ಯಾನೂ ನಿಂತು ಬಿಸಿ ಲ್ಯಾಂಪು ಬೇಗ ಹಾಳಾಗುತ್ತದೆ. 600 ವಿಎ ಯುಪಿಎಸ್ ಚಿತ್ರ ಮುಂದುವರಿಸಲು ಅಲ್ಲ, ಪ್ರೊಜೆಕ್ಟರನ್ನು ಕ್ರಮವಾಗಿ ಆರಿಸಲು. ಕರೆಂಟು ಬಂದ ಮೇಲೆ ನಿಂತಲ್ಲಿಂದ ಎರಡು ನಿಮಿಷ ಹಿಂದೆ ಹೋಗಿ ಶುರು ಮಾಡಿ.

ಮಲಯಾಳಿ ನೆರೆಯವರು

ಬರುತ್ತಾರೆ, ಕರೆಯಿರಿ. ಫಿಲ್ಮ್ ಸೊಸೈಟಿಯ ರೂಢಿ ಅವರಲ್ಲಿ ನಮಗಿಂತ ಹಳೆಯದು, ಹೆಚ್ಚಿನವರು ಸಬ್‌ಟೈಟಲ್ ಓದಬಲ್ಲರು. ನಡುವೆ ಕೂತು ಪಿಸುಗುಟ್ಟಿ ಅನುವಾದ ಮಾಡುವವರನ್ನು ಮಾತ್ರ ತಡೆಯಿರಿ. ಕಥೆಯ ಸಾರವನ್ನು ಅರ್ಧ ಪುಟ ಮಲಯಾಳದಲ್ಲಿ ಬರೆಸಿ ಮೊದಲೇ ಕೊಟ್ಟರೆ ಸಾಕು, ಕೊನೆ ಬರೆಯಬೇಡಿ. ಚರ್ಚೆಯಲ್ಲಿ ಅವರನ್ನು ಎಳೆಯಲು ಒಂದು ಒಳ್ಳೆಯ ಕೊಂಡಿ ಮಲಯಾಳದ ಲೇಖಕ ವೈಕಂ ಮುಹಮ್ಮದ್ ಬಷೀರರ 'ಮತಿಲುಗಳ್' (ಗೋಡೆಗಳು). ಜೈಲಿನ ಗೋಡೆಯಾಚೆಯ ನಾರಾಯಣಿಯನ್ನು ಪುಸ್ತಕದಲ್ಲಿ ಯಾರೂ ನೋಡುವುದಿಲ್ಲ. ಅದನ್ನು ಚಿತ್ರ ಮಾಡಿದ ಅಡೂರ್ ಗೋಪಾಲಕೃಷ್ಣನ್ ಅವರಿಗೆ ತೋರಿಸುವ ಅವಕಾಶ ಇತ್ತು, ತೋರಿಸಲಿಲ್ಲ. ಕೆಪಿಎಸಿ ಲಲಿತಾ ಅವರ ದನಿಯಷ್ಟೇ. ಕಾಸರವಳ್ಳಿಯವರು ಟಾಕೀಸನ್ನು ತೆಗೆದೇಬಿಟ್ಟರು, ಅಡೂರರು ಗೋಡೆಯನ್ನು ಇದ್ದಲ್ಲೇ ಬಿಟ್ಟರು. ಎರಡೂ ಕಡೆಯವರಿಗೆ ಮಾತಾಡಲು ಬೇಕಾದಷ್ಟಾಯಿತು. ಒಂಬತ್ತೂವರೆಯ ಕೊನೆಯ ಬಸ್ಸು ಹಿಡಿಯಬೇಕಾದವರಿಗೆ ಮೊದಲು ಮೈಕು ಕೊಡಿ.